ಷರಾ ಕಾಲಂ

ಮೊಳಕಾಲ್ಮೂರಿನ ಐ.ಬಿ.ಗೆ ನಾನು ಹೋದದ್ದು
ಚರಿತ್ರೆ ಓದಲಿಕ್ಕಲ್ಲ,
ಗೋಡೆ ಅಳೆಯಲಿಕ್ಕೆ.
ಕೆಡವಬೇಕೋ, ಸುಣ್ಣ ಬಳಿದು ಇನ್ನಷ್ಟು ವರ್ಷ ತಳ್ಳಬೇಕೋ,
ಇಲಾಖೆಗೆ ಎರಡು ಪುಟದ ವರದಿ ಬೇಕಿತ್ತು.
ಕೈಯಲ್ಲಿ ಟೇಪು, ಕಂಕುಳಲ್ಲಿ ಅಳತೆ ಪುಸ್ತಕ,
ಬೆನ್ನ ಹಿಂದೆ ಮೇ ತಿಂಗಳ ಬಂಡೆಗಳು
ರೊಟ್ಟಿ ಹಂಚಿನಂತೆ ಕಾದು ಕೂತಿದ್ದವು.

ಟೇಪಿನ ಆ ತುದಿ ಹಿಡಿದವನು ದಾದಾಪೀರ್,
ಬಂಗಲೆಯ ಮೇಟಿ, ನಿವೃತ್ತಿಗೆ ಇನ್ನು ಏಳು ತಿಂಗಳು.
'ಎರಡೂವರೆ ಅಡಿ ಗೋಡೆ ಮೇಡಮ್ಮೋರೆ,
ಫ್ಯಾನು ಬ್ಯಾಡ. ದೆವ್ವಕ್ಕೂ ಇಲ್ಲಿ ಚಳಿ ಆಗ್ತೈತೆ.'
ಬರೆದುಕೊಂಡೆ: ಗೋಡೆ, ೭೬೦ ಮಿ.ಮೀ.
ದೆವ್ವಕ್ಕೆ ಕಾಲಂ ಇರಲಿಲ್ಲ.

ಮದ್ರಾಸ್ ತಾರಸಿ. ಸವೆದ ಕಲ್ಲುಚಪ್ಪಡಿ.
ಕುದುರೆ ಕಟ್ಟುತ್ತಿದ್ದ ಕಬ್ಬಿಣದ ಬಳೆಗೆ
ಈಗ ಲುಂಗಿ ಒಣಹಾಕುವ ಹಗ್ಗ.
ಎತ್ತರದ ಗವಾಕ್ಷಿಯಲ್ಲಿ ಒಂದು ಜೋಡಿ ಪಾರಿವಾಳ,
ಬಾಡಿಗೆ ಕೊಡದೆ ಎಷ್ಟನೇ ತಲೆಮಾರೋ.
ಆಚೆ ಬೀದಿಯ ಮಗ್ಗದ ಸದ್ದು
ಕಟ್ಟಕ್ ಕಟ್ಟಕ್ ಎನ್ನುತ್ತ ಒಳಗೆ ಬಂದು
ಊಟದ ಮೇಜಿನ ಕೆಳಗೆ ಮಲಗುತ್ತಿತ್ತು.

ಮಧ್ಯಾಹ್ನ ಅವನು ಬೀರು ತೆರೆದ.
ಗೆದ್ದಲು ಅಂಚು ತಿಂದ ದಪ್ಪ ಪುಸ್ತಕ:
ತಂಗಿದವರ ಹೆಸರು, ಹುದ್ದೆ, ಬಂದ ದಿನ, ಹೋದ ದಿನ,
ಕೊನೆಗೆ ಷರಾ.
ಡೆಪ್ಯುಟಿ ಕಮಿಷನರು, ಪ್ಲೇಗಿನ ಡಾಕ್ಟರು, ರೇಷ್ಮೆ ಇನ್ಸ್‌ಪೆಕ್ಟರು,
ಕರಡಿ ಹೊಡೆಯಲು ಬಂದು ಚಳಿಜ್ವರ ಹೊತ್ತುಕೊಂಡು ಹೋದ
ಯಾರೋ ಒಬ್ಬ ದೊರೆ.
ಬಳ್ಳಿ ಹಬ್ಬಿದಂಥ ಇಂಗ್ಲಿಷು, ತುಕ್ಕಿನ ಬಣ್ಣದ ಶಾಯಿ.

ಏನಾದರೂ ಘನವಾದದ್ದು ಸಿಕ್ಕೀತೆಂದು
ಷರಾ ಕಾಲಮ್ಮಿನ ಮೇಲೆ ಬೆರಳು ಜಾರಿಸಿದರೆ,
ಕೋಳಿ ಬೆಂದಿರಲಿಲ್ಲ.
ದೀಪದ ಗಾಜು ಒಡೆದಿದೆ.
ಸ್ನಾನದ ಮನೆಯ ಚಿಲಕ ಬೀಳುವುದಿಲ್ಲ.
ಹಾಲಿಗೆ ನೀರು.
ಆರು ವರ್ಷದ ನಂತರ, ಬೇರೆ ಕೈಬರಹದಲ್ಲಿ:
ಚಿಲಕ ಬೀಳುವುದಿಲ್ಲ.

ದಾದಾಪೀರನಿಗೆ ಇಂಗ್ಲಿಷು ಬಾರದು.
ಆದರೂ ಒಂದು ಪುಟಕ್ಕೆ ಬೇವಿನಕಡ್ಡಿ ಇಟ್ಟಿದ್ದ.
'ಇದನ್ನ ಓದ್ರಿ.'
ಓದಿದೆ. ೧೯೩೭, ನವೆಂಬರ್ ಒಂಬತ್ತು.
ಖಾನ್ಸಾಮ ಬುಡೇನ್ ಬೆಳಗಿನ ಚಹಾಕ್ಕೆ ಎರಡು ಗಂಟೆ ತಡ.
ಸಬೂಬು ಹೇಳಿದ. ಒಪ್ಪಲಿಲ್ಲ. ಎಂಟಾಣೆ ದಂಡ.

'ಬುಡೇನ್‌ಸಾಬು ನಮ್ಮ ತಾತ.
ಆ ಸಬೂಬು ನಮ್ಮಪ್ಪ.'

ಹಿತ್ತಲಲ್ಲಿ, ಅಡುಗೆಕೋಣೆಗೆ ಆತುಕೊಂಡ ಗುಡಿಸಲು.
ಸೂಲಗಿತ್ತಿ ಪೆದ್ದಕ್ಕ ಬಂದಾಗ ಕೋಳಿ ಕೂಗಿರಲಿಲ್ಲ.
ಕೂಸು ಅಡ್ಡ ನಿಂತಿತ್ತು,
ಬಿಸಿಲು ಬಂಡೆಯಿಂದ ಇಳಿದ ಮೇಲೆ ಅತ್ತಿತು.
ಸರ್ಕಾರಿ ಒಲೆಯ ಮೇಲೆ ಅವತ್ತು ಮೊದಲು ಕಾದದ್ದು
ಬಾಣಂತಿಯ ನೀರು.
ಇಟ್ಟ ಹೆಸರು ರಸೂಲ್. ಊರು ಕರೆದದ್ದು ಎಂಟಾಣೆ.
ಶಾಲೆ ಬಿಟ್ಟಾಗಲೂ ಎಂಟಾಣೆ, ಮದುವೆ ಆದಾಗಲೂ,
ರೇಷನ್ ಸಾಲಿನಲ್ಲೂ,
ಎಂಟಾಣೆಯೇ ಚಲಾವಣೆ ಕಳೆದುಕೊಂಡ ಮೇಲೂ.

'ಅವ್ನು ಹುಟ್ಟಿದ್ದಕ್ಕೆ ಬೇರೆ ಪುರಾವೆ ಇರ್ಲಿಲ್ರಿ.
ವಯಸ್ಸಾದೋರ ಪಿಂಚಣಿಗೆ ಇದೇ ಪುಟ ಜೆರಾಕ್ಸ್ ಮಾಡ್ಸಿ
ತಾಲ್ಲೂಕಾಫೀಸಿಗೆ ಕೊಟ್ಟಿದ್ದೆ.'
'ಮಂಜೂರಾಯ್ತಾ?'
ದಾದಾಪೀರ್ ಪುಸ್ತಕದ ಧೂಳು ಊದಿದ.
'ಇದೆಂಥ ಸಬೂಬು ಅಂದ್ರು.'

ಅಡುಗೆಕೋಣೆಯ ಗೋಡೆ ಅಳೆದೆವು.
ಸೂರಿನ ತನಕ ಮಸಿ, ಉಗುರಿಟ್ಟರೆ ಪದರ ಪದರ.
ಇದರಲ್ಲಿ ಆ ಬೆಳಗಿನದು ಯಾವುದೋ.
ಸುಣ್ಣ ಬಳಿಯಲು ದರಪಟ್ಟಿಯಲ್ಲಿ ಚದರಕ್ಕೆ ಇಷ್ಟು ಎಂದಿದೆ;
ಮಸಿಯನ್ನು ಹಾಗೇ ಬಿಡಲು ದರ ಇಲ್ಲ.
ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.
ಎರಡು ಪುಟವೂ ಖಾಲಿ.

ಸಂಜೆ, ಹೊರಡುವ ಮುನ್ನ ಮುಖ ತೊಳೆಯಲು ಹೋದೆ.
ಬಾಗಿಲು ಮುಂದೂಡಿದೆ, ಎತ್ತಿ ಎಳೆದೆ, ಭುಜ ಕೊಟ್ಟೆ.
ಆಮೇಲೆ ತುಂಬಿದ ಬಕೆಟ್ಟನ್ನು
ಬಾಗಿಲಿಗೆ ಒತ್ತಿ ನಿಲ್ಲಿಸಿದೆ,
ಆ ಕಮಿಷನರೂ ಹೀಗೇ ನಿಲ್ಲಿಸಿರಬೇಕು.